ಗೋಡೆ ಗಡಿಯಾರವೂ ಹಸಿರು ಬ್ಯಾಕ್ಟೀರಿಯಾವೂ

ಕಿಟಕಿಯಿಲ್ಲದ ಪ್ರಯೋಗಾಲಯದಲ್ಲಿ ಹೊತ್ತು ಹೇಳುವವನು ತಾನೊಬ್ಬನೇ ಎಂದು ಗೋಡೆ ಗಡಿಯಾರ ಬೀಗುತ್ತಿತ್ತು. ಕೆಳಗೆ, ಸದಾ ದೀಪ ಉರಿಯುವ ಪೆಟ್ಟಿಗೆಯೊಳಗೆ, ಗಾಜಿನ ತಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಹಸಿರು ಬ್ಯಾಕ್ಟೀರಿಯಾಗಳಿದ್ದವು. ಪಿಎಚ್‌ಡಿ ಮುಗಿಸಿದ ಮೇಲೂ ಸಂಶೋಧನೆ ಬಿಡದ ಚಾರುಮತಿ, ಸಂಜೆಯಾದರೆ ಮಿನುಗುವ ಗುಣವನ್ನು ಅವಕ್ಕೆ ಕೂಡಿಸಿ ಕಾಯುತ್ತಿದ್ದಳು.

"ಕತ್ತಲೆಯನ್ನೇ ಕಾಣದ ನಿನಗೆ ಸಂಜೆ ತಿಳಿದೀತೆ? ಅಲ್ಲಿಯವರೆಗೆ ನೀನು ಇರುವುದೂ ಇಲ್ಲ!" ಎಂದು ಗಡಿಯಾರ ಬೆಳಗ್ಗೆಯೇ ಅವುಗಳಲ್ಲೊಂದನ್ನು ಹಂಗಿಸಿತು.

"ನಿಜ ಅಣ್ಣಾ, ಮಧ್ಯಾಹ್ನದೊಳಗೆ ನಾನು ಒಡೆದು ಎರಡಾಗುತ್ತೇನೆ. ಸಂಜೆಗೆ ನೋಡುವೆಯಂತೆ," ಎಂದು ಆ ಬ್ಯಾಕ್ಟೀರಿಯಾ ನಕ್ಕಿತು.

ಗಡಿಯಾರ ಮತ್ತೆ ಹಂಗಿಸಲು ಹೊರಡುವಷ್ಟರಲ್ಲಿ ಅದರ ಬ್ಯಾಟರಿ ಮುಗಿದು ಮುಳ್ಳುಗಳು ಹತ್ತಕ್ಕೇ ನಿಂತವು. ಕೆಲಸದಲ್ಲಿ ಮುಳುಗಿದ್ದ ಚಾರುಮತಿ ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿ, "ಇನ್ನೂ ಹತ್ತೇ?" ಎಂದಳು. ಆಗಲೇ ತಟ್ಟೆ ತುಂಬ ಮಿನುಗು ಎದ್ದಿತು. ಓಡಿಹೋಗಿ ಬಾಗಿಲು ತೆರೆದರೆ ಹೊರಗೆ ಹೊತ್ತು ಮುಳುಗುತ್ತಿತ್ತು. ಅವಳು ಚಪ್ಪಾಳೆ ತಟ್ಟಿ ಕುಣಿದಳು.

ಗಡಿಯಾರಕ್ಕೆ ನಾಚಿಕೆಯೂ ಖುಷಿಯೂ ಒಟ್ಟಿಗೇ ಆದವು. "ಬೆಳಗ್ಗೆ ನನ್ನೊಡನೆ ಮಾತಾಡಿದವಳೆಲ್ಲಿ?" ಎಂದು ಕೇಳಿತು.

"ಅಜ್ಜಿಯೇ? ನಾವೇ ಆಗಿಹೋದಳು," ಎಂದವು ತಟ್ಟೆಯ ಮರಿಗಳು. "ತನ್ನೊಳಗಿನ ಹೊತ್ತಿನ ಲೆಕ್ಕವನ್ನು ಮಾತ್ರ ನಮ್ಮ ಕೈಗೆ ಕೊಟ್ಟು ಹೋದಳು."

"ಹಾಗಾದರೆ ಹೇಳ್ರಮ್ಮಾ," ಎಂದಿತು ಗಡಿಯಾರ, "ಈಗ ಗಂಟೆ ಎಷ್ಟು?"