ಎರಡು ಸಲ ಬಿದ್ದ ಉಪ್ಪು

"ಗುರುಗಳೇ, ದೊಡ್ಡವರ ತಪ್ಪು ಕಣ್ಣಿಗೆ ಬಿದ್ದರೆ ಬಾಯಿ ಬಿಟ್ಟು ಹೇಳಬೇಕೋ, ಕಂಡೂ ಕಾಣದಂತೆ ಇದ್ದುಬಿಡಬೇಕೋ?" ಎಂದು ಶಿಷ್ಯ ಗುರುಪಾದ ಕೇಳಿದ.

ಮಠದ ಹಿರಿಯರೊಬ್ಬರು ಹಳೆಯ ಓಲೆಯನ್ನು ಪ್ರತಿ ಮಾಡುವಾಗ ಒಂದು ಸಾಲನ್ನೇ ಬಿಟ್ಟಿದ್ದರು. ಗುರುಪಾದ ಅದನ್ನು ಪತ್ತೆ ಮಾಡಿದ್ದ. ನಾಳೆ ಎಲ್ಲರೂ ಸೇರಿದಾಗ ಹೇಳಿಬಿಡಬೇಕೆಂದು ಅವನ ನಾಲಿಗೆ ತುರಿಸುತ್ತಿತ್ತು. ಗುರುಗಳು ಅವನ ಮುಖ ನೋಡಿ ನಕ್ಕರು. "ಕೂತುಕೋ ಮಹಾರಾಯ, ನಾಳೆಗೆ ಇನ್ನೂ ಹೊತ್ತಿದೆ" ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಹಾಲಮ್ಮ ಎಂಬ ಮುದುಕಿ ಇದ್ದಳು. ಉಪ್ಪಿನಕಾಯಿಗೆ ಉಪ್ಪು ಹಾಕುವುದರಲ್ಲಿ ಅವಳ ಕೈ ಎಂದರೆ ಕೈ. ಪಾವು, ಸೇರು ಎಂಬ ಅಳತೆಯೇ ಇಲ್ಲ, ಹಿಡಿ ತುಂಬಿ ಸುರಿದಳೆಂದರೆ ಮುಗಿಯಿತು. ವರ್ಷ ಕಳೆದರೂ ಹೋಳು ಮೆತ್ತಗಾಗುತ್ತಿರಲಿಲ್ಲ, ಬೂಸಲು ಹಿಡಿಯುತ್ತಿರಲಿಲ್ಲ. ಮಾವಿನಕಾಯಿಯ ಕಾಲ ಬಂದಾಗ ಓಣಿಯ ಹೆಂಗಸರು ಹೋಳು ಹೆಚ್ಚಿಕೊಂಡು ಅವಳ ಅಂಗಳಕ್ಕೇ ಬರುತ್ತಿದ್ದರು. ಅವಳ ಕೈಯಿಂದ ಉಪ್ಪು ಹಾಕಿಸಿಕೊಂಡು, ಮನೆಗೆ ಒಯ್ದು ಜಾಡಿ ತುಂಬುತ್ತಿದ್ದರು.

ವಯಸ್ಸಾದಂತೆ ಹಾಲಮ್ಮನಿಗೆ ಒಂದೊಂದೇ ಕೆಲಸ ಕೈಬಿಟ್ಟು ಹೋಯಿತು. ಕಣ್ಣು ಮಂಜಾಗಿ ಕಾಳು ಆರಿಸುವುದನ್ನು ಬಿಟ್ಟಳು. ಮೊಣಕಾಲು ಹಿಡಿದು ಬೀಸುವ ಕಲ್ಲಿನ ಮುಂದೆ ಕೂರುವುದನ್ನು ಬಿಟ್ಟಳು. ಉಳಿದದ್ದು ಉಪ್ಪು ಒಂದೇ. ಆ ಒಂದು ದಿನಕ್ಕಾಗಿ ಅವಳು ವರ್ಷವೆಲ್ಲ ಕಾಯುತ್ತಿದ್ದಳು.

ಇದು ಸೊಸೆ ಕೊಟ್ರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಆ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಕಾಯಿ ಒರೆಸುತ್ತಿದ್ದಳು, ಹೆಚ್ಚುತ್ತಿದ್ದಳು, ಜಾಡಿ ತೊಳೆದು ಬಿಸಿಲಿಗೆ ಇಡುತ್ತಿದ್ದಳು. ಉಪ್ಪಿನ ಗಡಿಗೆಗೆ ಮಾತ್ರ ಒಮ್ಮೆಯೂ ಕೈ ಹಾಕಿದವಳಲ್ಲ. ಅದು ಅತ್ತೆಯದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ವರ್ಷ ಮೂರು ಮನೆಯವರು ಬಂದರು. ಇವರದೂ ಸೇರಿ ನಾಲ್ಕು ಬೋಗುಣಿ ಹೋಳು. ಹಾಲಮ್ಮ ನಾಲ್ಕಕ್ಕೂ ಉಪ್ಪು ಹಾಕಿ ಬೆರೆಸಿ ಮುಗಿಸಿದಳು. ಅಷ್ಟರಲ್ಲಿ ಬಾಗಿಲಿಗೆ ಬಳೆಗಾರ ಬಂದ. ಹೆಂಗಸರೆಲ್ಲ ಎದ್ದು ಹೋಗಿ ಕೈ ಚಾಚಿ ಕೂತರು. ಹಾಲಮ್ಮ ಅವನನ್ನು ತನ್ನ ತವರೂರಿನ ಸುದ್ದಿ ಕೇಳಿದಳು. ಯಾರೋ ಸತ್ತಿದ್ದರು, ಯಾರೋ ಹೆತ್ತಿದ್ದರು. ಉಳಿದವರು ಇನ್ನೂ ಬಳೆ ತೊಡಿಸಿಕೊಳ್ಳುತ್ತಿರುವಾಗಲೇ, ಎಲ್ಲ ಕೇಳಿ ಮುಗಿಸಿ ತಿರುಗಿ ಬಂದವಳೇ ಮೊದಲ ಬೋಗುಣಿಯನ್ನು ಎಳೆದುಕೊಂಡು ಮತ್ತೆ ಉಪ್ಪು ಸುರಿಯತೊಡಗಿದಳು.

ಕೊಟ್ರಮ್ಮ ಅದನ್ನು ಕಂಡಳು. "ಅತ್ತೇ..." ಎಂದಳು.

"ಏನೇ?" ಎಂದು ಹಾಲಮ್ಮ ತಲೆಯೆತ್ತಿದಳು. ಅವಳ ಮುಖದಲ್ಲಿ ವರ್ಷಕ್ಕೊಮ್ಮೆ ಮಾತ್ರ ಕಾಣುವ ಕಳೆ ಇತ್ತು.

"ಏನಿಲ್ಲ ಅತ್ತೆ. ಕೈ ಒರೆಸಿಕೊಳ್ಳೋಕೆ ಬಟ್ಟೆ ಬೇಕೇನೋ ಅಂದುಕೊಂಡೆ." ಹಾಲಮ್ಮ ನಾಲ್ಕು ಬೋಗುಣಿಗೂ ಎರಡನೇ ಸಲ ಉಪ್ಪು ಸುರಿದು ಮುಗಿಸಿದಳು.

ನೀನಾಗಿದ್ದರೆ ಅಂಗಳದ ನಡುವೆ ನಿಂತು ಊರಿಗೇ ಕೇಳುವಂತೆ ಕೂಗುತ್ತಿದ್ದೆ, ಗುರುಪಾದ. ಕೊಟ್ರಮ್ಮ ಕೂಗಲಿಲ್ಲ. ಒಂದು ಮಾತು ಹೊರಬಿದ್ದರೆ ಓಣಿಯವರು ಮುಂದಿನ ವರ್ಷ ಈ ಅಂಗಳಕ್ಕೆ ಬರುವುದಿಲ್ಲ, ಅತ್ತೆಗೆ ಉಳಿದಿದ್ದ ಒಂದೇ ಒಂದು ದಿನವೂ ಹೋಗುತ್ತದೆ ಎಂದು ಅವಳಿಗೆ ಸಂಕಟವಾಯಿತು. ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ. ನಾಲ್ಕು ಮನೆಯವರಿಗೂ ವರ್ಷವಿಡೀ ರೊಟ್ಟಿಗೆ ನಂಚಿಕೊಳ್ಳಲು ಅದೇ ಉಪ್ಪಿನಕಾಯಿ. ದೇವರಿಗೆ ಎಡೆ ಇಡುವ ತನಕ ಅದನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ರುಚಿ ನೋಡಿ ತಪ್ಪು ಗೊತ್ತಾಗುವ ಹೊತ್ತಿಗೆ ಕಾಯಿಯ ಕಾಲವೇ ಮುಗಿದಿರುತ್ತದೆ.

ಅವರ ಹಿತ್ತಲಲ್ಲಿ ಒಂದು ಮಾವಿನಮರ ಇತ್ತು. ಅದರ ಅರ್ಧ ಕಾಯಿಗಳನ್ನು ಹಣ್ಣಾಗಲೆಂದು ಬಿಟ್ಟಿದ್ದರು. ಆ ಹಣ್ಣಿನ ಶೀಕರಣೆ ಎಂದರೆ ಹಾಲಮ್ಮನಿಗೂ ಪ್ರಾಣ, ಕೊಟ್ರಮ್ಮನಿಗೂ ಪ್ರಾಣ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಕೊಟ್ರಮ್ಮ ಸೆರಗು ಕಟ್ಟಿ ಮರ ಹತ್ತಿದಳು. ಒಂದು ಕಾಯಿಯನ್ನೂ ಉಳಿಸದೆ ಇಳಿಸಿದಳು. ಒರೆಸಿ, ಹೆಚ್ಚಿ, ಮನೆಯ ಪಾಲನ್ನು ತಮ್ಮ ಬೋಗುಣಿಗೆ ಬೆರೆಸಿ, ಉಳಿದದ್ದನ್ನು ಬುಟ್ಟಿಯಲ್ಲಿ ಹೊತ್ತು ಮೂರು ಮನೆಗೂ ಹೋದಳು.

"ಅತ್ತೆ ಕಳಿಸಿದ್ದಾರೆ. ಈ ಸಲದ ಹರಳುಪ್ಪು ಬಲು ಜೋರಂತೆ. ಇಷ್ಟು ಹೋಳು ಕೂಡಿಸಿಕೊಳ್ಳಬೇಕಂತೆ" ಎಂದಳು.

ಜಾಡಿ ಸಾಲದು ಎಂದು ಒಬ್ಬಳು ಗೊಣಗಿದಳು. ಅವಳಿಗೆ ಕೊಟ್ರಮ್ಮ ತನ್ನ ಮನೆಯದೇ ಒಂದು ಜಾಡಿ ತಂದುಕೊಟ್ಟಳು.

ಹಣ್ಣಿನ ದಿನ ಬಂತು. "ಮರ ಯಾಕೇ ಬೋಳಾಗಿದೆ?" ಎಂದು ಹಾಲಮ್ಮ ಕೇಳಿದಳು. "ಮಂಗ ಬಂದು ಹಾಳು ಮಾಡಿದವು ಅತ್ತೆ" ಎಂದಳು ಸೊಸೆ. ಹಾಲಮ್ಮ ಒಂದು ತಿಂಗಳು ಮಂಗಗಳ ಕುಲವನ್ನೇ ಜಾಲಾಡಿದಳು. ಪಾಪ, ಅವು ಯಾವ ಕಾಡಿನಲ್ಲಿದ್ದವೋ!

ಎಡೆಯೂ ಆಯಿತು. ಮೂರು ಮನೆಯ ಹೆಂಗಸರು ಉಪ್ಪಿನಕಾಯಿಯ ರುಚಿ ನೋಡಿ ಖುಷಿಯಾಗಿ ಹಾಲಮ್ಮನ ಹತ್ತಿರ ಬಂದರು. "ಅಜ್ಜೀ, ನೀವು ಅವತ್ತು ಹೋಳು ಕಳಿಸಿಕೊಟ್ಟಿದ್ದಕ್ಕೆ ಬದುಕಿದೆವು. ಇಲ್ಲದಿದ್ದರೆ ಬಾಯಿಗಿಡೋಕೆ ಆಗುತ್ತಿರಲಿಲ್ಲ" ಎಂದರು.

ಹಾಲಮ್ಮ ಹೋಳು ಕಳಿಸಿರಲಿಲ್ಲ. ಬಳೆಗಾರ ಬಂದದ್ದು, ತಾನು ಎದ್ದು ಹೋಗಿ ಬಂದದ್ದು, ಮರ ಬೋಳಾದದ್ದು, ಒಂದೊಂದಾಗಿ ಅವಳ ನೆನಪಿಗೆ ಬಂದವು. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಕೊಟ್ರಮ್ಮ ಕಣ್ಣು ಮುಚ್ಚಿಕೊಂಡು, 'ದೇವರೇ, ಅತ್ತೆ ಹೂಂ ಅಂದುಬಿಡಲಿ' ಎಂದು ಬೇಡಿಕೊಂಡಳು.

"ಕೊಟ್ರಮ್ಮಾ, ಬಾರೇ ಇಲ್ಲಿ."

ಸೊಸೆ ತಲೆ ತಗ್ಗಿಸಿಕೊಂಡು ಬಂದಳು. ಹಾಲಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಹೋಳು ಕಳಿಸಿದ್ದು ನಾನಲ್ಲ ಕಣ್ರೇ. ಮರೆತು ಎರಡೆರಡು ಸಲ ಉಪ್ಪು ಸುರಿದವಳು ನಾನು. ಮರ ಬೋಳಿಸಿ ನಿಮ್ಮ ಬಾಯಿ, ನನ್ನ ಮಾನ ಎರಡನ್ನೂ ಕಾದವಳು ಇವಳು. ನಾನು ಸುಮ್ಮನೆ ಮಂಗಗಳಿಗೆ ಬೈದೆ! ಮುಂದಿನ ವರ್ಷವೂ ಇಲ್ಲಿಗೇ ಬನ್ನಿ. ಹಿಡಿ ತುಂಬುವವಳು ನಾನು, ಎಣಿಸುವವಳು ಇವಳು."

ಹೆಂಗಸರು ನಕ್ಕರು. ಹಾಲಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಕೊಟ್ರಮ್ಮ ಮಾತ್ರ ಅತ್ತೆಯ ತೊಡೆಯ ಮೇಲೆ ಮುಖವಿಟ್ಟು ಗಳಗಳನೆ ಅತ್ತುಬಿಟ್ಟಳು. ಮುಂದಿನ ವರ್ಷ ಮೂರಲ್ಲ, ಐದು ಮನೆಯವರು ಬಂದರು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಇನ್ನೂ ಸಮಾಧಾನವಾಗಲಿಲ್ಲ. "ಕೊನೆಗೆ ವಿಷಯ ಹೊರಗೆ ಬಂದೇ ಬಂತಲ್ಲ, ಗುರುಗಳೇ? ಅದನ್ನು ಕೊಟ್ರಮ್ಮ ಮೊದಲ ದಿನವೇ ಅಂಗಳದಲ್ಲಿ ಹೇಳಿದ್ದರೆ ಏನಾಗುತ್ತಿತ್ತು?" ಎಂದ.

"ತಪ್ಪನ್ನು ತಿದ್ದುವುದು ಕಂಡವರ ಕೆಲಸ, ಮಗು, ಹೇಳಿಕೊಳ್ಳುವುದು ಮಾಡಿದವರ ಹಕ್ಕು" ಎಂದರು ಗುರುಗಳು.

ಗುರುಪಾದ ಎದ್ದು, ಬಿಟ್ಟುಹೋದ ಸಾಲನ್ನು ಪ್ರತಿಯಲ್ಲಿ ಸೇರಿಸಿಡಲು ಹೊರಟ.