ರೀಲು ಬದಲಾಗುವ ಹೊತ್ತು

"ಮೇಷ್ಟ್ರೇ, ಕಲಿತದ್ದನ್ನು ಮರೆಯುವುದು ಹೇಗೆ?" ಎಂದು ನೀಲಾಂಬಿಕೆ ಕೇಳಿದಳು.

ಪಾಯಣ್ಣ ಮೇಷ್ಟ್ರು ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. ಇಪ್ಪತ್ತೆಂಟು ವರ್ಷ ಪಾಠ ಹೇಳಿದವರು ಅವರು. ಮರೆಯುವುದಕ್ಕೆ ಈವರೆಗೆ ಯಾರೂ ಅವರ ಸಹಾಯ ಬೇಡಿರಲಿಲ್ಲ. ಪರೀಕ್ಷೆ ಮುಗಿದ ಮರುದಿನ ಎಲ್ಲರೂ ಅದನ್ನು ತಾವಾಗಿಯೇ ಮಾಡಿಕೊಳ್ಳುತ್ತಿದ್ದರು.

"ಏನನ್ನು ಮರೆಯಬೇಕು?"

"ಎಲ್ಲವನ್ನೂ." ಅವಳು ಒಂದು ಕಾಗದ ಮುಂದಿಟ್ಟಳು. ಕಾಲೇಜು ಬಿಡುವ ಅರ್ಜಿ. ಮೇಷ್ಟ್ರ ಸಹಿಯೊಂದು ಬಾಕಿ ಇತ್ತು.

ಅದು ಊರಾಚೆಯ ಒಂದು ಲಿಬರಲ್ ಆರ್ಟ್ಸ್ ಕಾಲೇಜು. ಅಲ್ಲಿ ಕಲೆಯ ಇತಿಹಾಸ, ಸಿನಿಮಾ, ವಾಸ್ತುಶಿಲ್ಪ ಮೂರನ್ನೂ ಒಟ್ಟಿಗೆ ಕಲಿಸುತ್ತಿದ್ದರು. ಎರಡು ವರ್ಷದಲ್ಲಿ ನೀಲಾಂಬಿಕೆಯ ಕಣ್ಣು ಹರಿತವಾಗಿತ್ತು. ಕಟ್ಟಡದ ಮುಂದೆ ನಿಂತರೆ ಭಾರ ಯಾವ ಕಂಬದ ಮೇಲೆ ಇಳಿಯುತ್ತದೆಂದು ಹೇಳುತ್ತಿದ್ದಳು. ಚಿತ್ರ ನೋಡಿದರೆ ಬಣ್ಣದ ಕೆಳಗಿನ ಗೆರೆ ಹುಡುಕುತ್ತಿದ್ದಳು. ಸಿನಿಮಾದಲ್ಲಿ ಕತ್ತರಿ ಎಲ್ಲಿ ಬಿತ್ತು, ದೀಪ ಎಲ್ಲಿಟ್ಟರು ಎಂದು ಗುರುತಿಸುವುದರಲ್ಲಿ ಅವಳನ್ನು ಮೀರಿಸುವವರು ತರಗತಿಯಲ್ಲಿ ಇರಲಿಲ್ಲ.

ಅವಳನ್ನು ಇಲ್ಲಿಗೆ ತಂದದ್ದೇ ಸಿನಿಮಾದ ಹುಚ್ಚು. ರಾಣೆಬೆನ್ನೂರಿನಲ್ಲಿ ಅವಳ ತಾಯಿ ಗಂಗವ್ವ ರವಿಕೆ ಹೊಲಿಯುತ್ತಿದ್ದಳು. ಶುಕ್ರವಾರ ಮಧ್ಯಾಹ್ನ ಮಾತ್ರ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ತಾಯಿ ಮಗಳು ಮ್ಯಾಟ್ನಿಗೆ ಹೋಗುತ್ತಿದ್ದರು. ಅಳುವ ಸಿನಿಮಾ ಎಂದರೆ ಇಬ್ಬರಿಗೂ ಪಂಚಪ್ರಾಣ. ಇಬ್ಬರಿಗೂ ಸೇರಿ ಒಂದೇ ಕರವಸ್ತ್ರ. ಅತ್ತು ಹಗುರಾಗಿ, ಮಿರ್ಚಿ ತಿಂದು, ಮನೆಗೆ ಬರುತ್ತಿದ್ದರು. ಸಿನಿಮಾ ನೋಡುವುದಕ್ಕೂ ಕಾಲೇಜು ಬೇಕೇ ಎಂದು ನೆಂಟರು ನಕ್ಕಾಗ ಗಂಗವ್ವ, "ನೋಡಾಕ ಬರೂದೂ ಒಂದು ವಿದ್ಯಾನs ಐತಿ, ನನ್ನ ಮಗಳು ಕಲೀತಾಳ" ಎಂದು ಬಾಯಿ ಮುಚ್ಚಿಸಿದ್ದಳು.

ದಸರೆಯ ರಜೆಗೆ ನೀಲಾಂಬಿಕೆ ಊರಿಗೆ ಹೋಗಿದ್ದಳು. ಶುಕ್ರವಾರ ಎಂದಿನಂತೆ ಇಬ್ಬರೂ ಸಿನಿಮಾಕ್ಕೆ ಹೋದರು. ತೆರೆಯ ಮೇಲೆ ಮಗಳೊಬ್ಬಳು ಮಳೆಯಲ್ಲಿ ಮನೆ ಬಿಟ್ಟು ಹೊರಟಿದ್ದಳು. ಗಂಗವ್ವ ಅಳತೊಡಗಿದ್ದಳು. ನೀಲಾಂಬಿಕೆಗೆ ತಾನು ಕಲಿತದ್ದನ್ನು ತಾಯಿಗೂ ಕೊಡಬೇಕೆಂಬ ಆಸೆ ತಡೆಯಲಾಗಲಿಲ್ಲ. ಕಿವಿಯ ಹತ್ತಿರ ಬಾಗಿ ಹೇಳಿದಳು.

"ಅದು ಮಳಿ ಅಲ್ಲವ್ವಾ, ಪೈಪಿನ ನೀರು. ಹಿಂದಿನಿಂದ ಲೈಟ್ ಕೊಟ್ಟಾರ, ಅದಕ್ಕs ಹನಿ ಹೊಳ್ಯಾಕತ್ತಾವ. ಈಗ ನೋಡು, ಆಕಿ ಮುಖ ಹತ್ತಿರ ತೋರಸ್ತಾರ, ನೀ ಅಳಲಿ ಅಂತ."

ಹೇಳಿದ ಹಾಗೆಯೇ ಮುಖ ಹತ್ತಿರ ಬಂತು. ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿನಿಮಾ ಮುಗಿಯುವವರೆಗೂ ಮತ್ತೆ ಅಳಲಿಲ್ಲ. ಮುಂದಿನ ಶುಕ್ರವಾರ, "ನೀ ಹೋಗಿ ಬಾರವಾ, ನನಗ ಹೊಲಿಗಿ ಐತಿ" ಎಂದಳು. ನೀಲಾಂಬಿಕೆ ಒಬ್ಬಳೇ ಹೋಗಿ ಕುಳಿತಳು. ಪಕ್ಕದ ಕುರ್ಚಿ ಖಾಲಿ. ಕಣ್ಣಲ್ಲಿ ಒಂದು ಹನಿಯೂ ಇಲ್ಲ. ಎದೆಯಲ್ಲಿ ಏನೋ ಸತ್ತುಹೋಗಿದೆ ಎಂದು ಅವಳಿಗೆ ಅಲ್ಲೇ ಭಯವಾಯಿತು.

ಇಷ್ಟನ್ನೂ ಮೇಷ್ಟ್ರಿಗೆ ಹೇಳಿ, "ನನ್ನ ಕಣ್ಣೀರನ್ನು ಈ ಓದು ತಿಂದುಬಿಟ್ಟಿತು" ಎಂದಳು. "ನನಗೆ ಮೊದಲಿನ ಹಾಗೆ ಅಳುವುದಕ್ಕೆ ಬರಬೇಕು. ಅವ್ವನ ಪಕ್ಕ ಕೂತು ಅಳಬೇಕು."

ಮೇಷ್ಟ್ರು ಸಹಿ ಹಾಕಲಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಗಂಟೆ ಎಷ್ಟೆಂದು ಕೇಳಿದರೆ ಗಡಿಯಾರ ಮಾಡಿದವನ ಕತೆ ಹೇಳುವ ಮನುಷ್ಯ ಎಂದು ಹುಡುಗರು ಅವರನ್ನು ಆಡಿಕೊಳ್ಳುತ್ತಿದ್ದರು. ಆ ಮಾತನ್ನು ಅವರು ಸುಳ್ಳು ಮಾಡಲಿಲ್ಲ. ಕುರ್ಚಿ ತೋರಿಸಿ, ಕತೆ ಶುರು ಮಾಡಿದರು.

ಒಂದು ಊರಿನ ಟಾಕೀಸಿನಲ್ಲಿ ಒಬ್ಬ ಆಪರೇಟರ್ ಇದ್ದ. ಚಿಕ್ಕವನಾಗಿದ್ದಾಗ ಅವನು ನೆಲದ ಮೇಲೆ ಕುಳಿತು ಸಿನಿಮಾ ನೋಡಿ ಬಿಕ್ಕಿಬಿಕ್ಕಿ ಅಳುತ್ತಿದ್ದವನು. ಆ ಹುಚ್ಚಿನಿಂದಲೇ ಆ ಕೆಲಸಕ್ಕೆ ಸೇರಿದ. ಇನ್ನು ದಿನಾ ಸಿನಿಮಾ, ಅದೂ ಪುಕ್ಕಟೆ ಎಂದು ಹಿಗ್ಗಿದ.

ಆಗಿನ ಸಿನಿಮಾ ಒಂದೇ ಸುರುಳಿಯಾಗಿ ಬರುತ್ತಿರಲಿಲ್ಲ. ಹದಿನಾರು ರೀಲು, ತೋರಿಸುವ ಯಂತ್ರ ಎರಡು. ಒಂದು ಯಂತ್ರದಲ್ಲಿ ರೀಲು ಮುಗಿಯುತ್ತ ಬಂದಾಗ ತೆರೆಯ ಬಲಮೂಲೆಯಲ್ಲಿ, ಮೇಲ್ಗಡೆ, ಒಂದು ಚುಕ್ಕಿ ಮಿಂಚಿ ಮಾಯವಾಗುತ್ತಿತ್ತು. ಅದು ಕಂಡೊಡನೆ ಎರಡನೆಯ ಯಂತ್ರ ಓಡಿಸಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ. ಆಗ ಇದರ ಬೆಳಕು ಮುಚ್ಚಿ ಅದರ ಬೆಳಕು ತೆರೆಯಬೇಕು. ರೆಪ್ಪೆ ಬಡಿದರೆ ಚುಕ್ಕಿ ತಪ್ಪುತ್ತದೆ. ಚುಕ್ಕಿ ತಪ್ಪಿದರೆ ತೆರೆ ಬೆಳ್ಳಗಾಗುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ.

ಹೀಗಾಗಿ ಆಪರೇಟರನ ಕಣ್ಣು ಆ ಮೂಲೆಯಲ್ಲೇ ಮನೆ ಮಾಡಿತು. ಗೋಡೆಯ ಅಂಗೈ ಅಗಲದ ಕಿಂಡಿಯಿಂದ ಅವನು ಮೂಲೆಯನ್ನೇ ನೋಡುತ್ತಿದ್ದ. ಹೊಸ ಸಿನಿಮಾ ಹೇಗಿದೆ ಎಂದು ಯಾರಾದರೂ ಕೇಳಿದರೆ, ಹದಿನಾರು ರೀಲು ಎನ್ನುತ್ತಿದ್ದ. ಕೇಳಿದವರು ಇವನಿಗೆಲ್ಲೋ ಸೊಕ್ಕು ಎಂದುಕೊಂಡು ಹೋಗುತ್ತಿದ್ದರು.

ಒಮ್ಮೆ ಒಂದು ಸಿನಿಮಾ ಬಂತು. ಅದರಲ್ಲಿ ಬಡ ತಾಯಿಯೊಬ್ಬಳು ತನ್ನ ಮಗುವನ್ನು ದೋಣಿ ಹತ್ತಿಸಿ, ದಂಡೆಯಲ್ಲಿ ನಿಂತು ನೋಡುತ್ತಾಳೆ. ಆ ದೃಶ್ಯಕ್ಕೆ ಊರಿಗೆ ಊರೇ ಅತ್ತಿತು. ಆಪರೇಟರನ ಹೆಂಡತಿ ಓಣಿಯ ಹೆಂಗಸರ ಜೊತೆ ಏಳು ಸಲ ನೋಡಿದಳು. ಏಳು ಸಲವೂ ಕಣ್ಣು ಊದಿಸಿಕೊಂಡು ಮನೆಗೆ ಬಂದಳು. ಅವಳನ್ನು ಕಂಡಾಗಲೆಲ್ಲ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಊರಿಗೆಲ್ಲ ಬಡಿಸುವವನು ತಾನೇ ಉಪವಾಸ ಬಿದ್ದಂತಾಗಿತ್ತು ಅವನ ಪಾಡು.

ಸಿನಿಮಾ ನೂರು ದಿನ ಓಡಿತು. ಟಾಕೀಸಿನ ಯಜಮಾನ ಸಂತೋಷಪಟ್ಟು ಆಪರೇಟರನಿಗೆ ಹಾರ ಹಾಕಿ, ಏನು ಬೇಕು ಕೇಳು ಎಂದ. ಒಂದು ಆಟ ಕೆಳಗೆ ಕುಳಿತು ನೋಡಬೇಕು ಎಂದ ಅವನು. ಯಜಮಾನ ಅಂದಿನ ಆಟಕ್ಕೇ ಪಕ್ಕದ ಊರಿನಿಂದ ಇನ್ನೊಬ್ಬ ಆಪರೇಟರನನ್ನು ಕರೆಸಿದ.

ನಮ್ಮ ಆಪರೇಟರ್ ಕೆಳಗೆ ಹೆಂಡತಿಯ ಪಕ್ಕ ಕುಳಿತ. ಅಳಲೇಬೇಕೆಂದು ಹೊಸ ಟವೆಲು ತಂದಿದ್ದ. ದೋಣಿಯ ದೃಶ್ಯ ಬಂತು. ಸುತ್ತಲೂ ಮೂಗು ಎಳೆಯುವ ಸದ್ದು. ಇವನ ಕಣ್ಣು ಬಲಮೂಲೆಗೆ ಹೋಯಿತು. ತಾಯಿಯ ಮುಖಕ್ಕೆ ಎಳೆದು ತಂದ. ಹಗ್ಗ ಬಿಚ್ಚಿದ ದನ ಕೊಟ್ಟಿಗೆಗೇ ಓಡುವ ಹಾಗೆ ಅದು ಮತ್ತೆ ಮೂಲೆಗೇ ಓಡಿತು. ಮೊದಲ ಚುಕ್ಕಿ ಮಿಂಚಿತು. ತೊಡೆಯ ಮೇಲಿದ್ದ ಅವನ ಬೆರಳು ತಾವಾಗಿ ಅಲುಗಿದವು. ಟವೆಲು ಒಣಗಿಯೇ ಇತ್ತು. ತನ್ನ ಜನ್ಮ ಹಾಳಾಯಿತಲ್ಲ ಎಂದು ಅವನಿಗೆ ಬಹಳ ದುಃಖವಾಯಿತು.

ಎರಡನೆಯ ಚುಕ್ಕಿ ಮಿಂಚಿತು. ಮೇಲಿದ್ದ ಹೊಸಬ ಅದನ್ನು ನೋಡಲಿಲ್ಲ.

ತೆರೆ ಬೆಳ್ಳಗಾಯಿತು. ತಾಯಿಯೂ ಇಲ್ಲ, ದೋಣಿಯೂ ಇಲ್ಲ. ಜನ ಶಿಳ್ಳೆ ಹೊಡೆದರು. ಹೆಂಗಸರು ಮೂಗು ಒರೆಸಿಕೊಂಡು ಸೆರಗು ಸರಿಮಾಡಿಕೊಂಡರು. ಯಾರೋ ಶೇಂಗಾ ಮಾರುವವನನ್ನು ಕೂಗಿದರು. ಮತ್ತೆ ಚಿತ್ರ ಮೂಡಿದಾಗ ದೋಣಿ ನಡುಹೊಳೆಯಲ್ಲಿತ್ತು. ಆದರೆ ಯಾರೂ ಅಳಲಿಲ್ಲ. ನಿಂತ ಅಳು ಆ ದೃಶ್ಯಕ್ಕೆ ಮತ್ತೆ ಬರಲಿಲ್ಲ.

ಹೆಂಡತಿ ಗಾಬರಿಯಿಂದ ತಿರುಗಿ, "ಏನಾತ್ರೀ?" ಎಂದಳು.

"ರೀಲು ಬದಲಾತು."

"ಇಲ್ಲಿ ರೀಲು ಬದಲಾಗ್ತೈತೇನ್ರೀ? ಏಳು ಸಲ ನೋಡೀನಿ, ನನಗ ಒಂದ್ ಸಲಾನೂ ಗೊತ್ತಾಗಿಲ್ಲ!"

ಆ ಏಳು ಸಲವೂ ಚುಕ್ಕಿ ತಪ್ಪದಂತೆ ಹಿಡಿದವನು ತಾನೇ ಎಂದು ಅವನಿಗೆ ಆಗ ಹೊಳೆಯಿತು. ಆಮೇಲೆ ಕೊರಳ ಹಾರ ತೆಗೆದು ಅವಳ ಮಡಿಲಲ್ಲಿಟ್ಟು ಎದ್ದ. ಮೆಟ್ಟಿಲು ಹತ್ತಿ, ಹೊಸಬನ ಬೆನ್ನು ತಟ್ಟಿ, ಅವನನ್ನು ಕೆಳಗೆ ಕಳಿಸಿ, ಕಿಂಡಿಯ ಮುಂದೆ ನಿಂತ. ಕೊನೆಯ ರೀಲಿನಲ್ಲಿ ತಾಯಿಗೆ ಮಗು ಸಿಗುವ ಹೊತ್ತಿಗೆ ಕೆಳಗಿನವರೆಲ್ಲ ಹೊಟ್ಟೆ ತುಂಬ ಅತ್ತರು. ಅದು ಕಿಂಡಿಯವರೆಗೂ ಕೇಳಿಸುತ್ತಿತ್ತು. ಕೇಳಿಸಿಕೊಂಡೇ ಅವನು ಮೂಲೆಯನ್ನು ನೋಡುತ್ತಿದ್ದ.

ಮೇಷ್ಟ್ರು ಕತೆ ನಿಲ್ಲಿಸಿದರು. ನೀಲಾಂಬಿಕೆ ಮುಂದೇನೋ ಇರಬೇಕೆಂದು ಕಾದಳು. ಅವಳಿಗೆ ಆಪರೇಟರನ ಮೇಲೆ ಕನಿಕರ ಹುಟ್ಟಿತ್ತು. ತನ್ನದೇ ಗತಿ ಅವನದ್ದು ಎಂದು ಅನ್ನಿಸಿತ್ತು.

"ಅಂದರೆ ಅವನಿಗೆ ಕಣ್ಣೀರು ಬರಲೇ ಇಲ್ಲವೇ ಮೇಷ್ಟ್ರೇ, ಕಡೆಯ ತನಕ?"

ಪಾಯಣ್ಣ ಮೇಷ್ಟ್ರು ಅವಳನ್ನು ಮಗಳನ್ನು ನೋಡುವಂತೆ ನೋಡಿ, ಮೆಲ್ಲಗೆ ಹೇಳಿದರು:

"ಇಲ್ಲಮ್ಮ, ಅವನ ಕಣ್ಣು ಕಡೆಯ ತನಕ ಒಣಗಿಯೇ ಇತ್ತು; ಆದರೆ ಇನ್ನೊಬ್ಬರ ಕಣ್ಣನ್ನು ಅವನು ಒಂದು ದಿನವೂ ಒಣಗಿಸಲಿಲ್ಲ."