ಸೂಲಗಿತ್ತಿಯ ಮೂರು ಒಗಟು

ಸೋಮಗಿರಿಯ ಬೀದಿಗಳಲ್ಲಿ ಡಂಗುರ ಕೇಳಿತು. ರಾಣಿ ಪದ್ಮಲೆಗೆ ಮದುವೆಯಾಗಿ ಏಳು ವರ್ಷವಾದರೂ ಮಗುವಾಗಿಲ್ಲ. ಕಾರಣವನ್ನು ಸೂಲಗಿತ್ತಿ ಹೊನ್ನವ್ವ ಮೂರು ಒಗಟುಗಳಲ್ಲಿ ಮಾತ್ರ ಹೇಳುತ್ತಾಳಂತೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹುಣ್ಣಿಮೆಯಂದು ಹೋಗುತ್ತದೆ. ಅಷ್ಟರಲ್ಲಿ ಯಾರೂ ಬಿಡಿಸದಿದ್ದರೆ ರಾಣಿಯನ್ನು ತವರಿಗೆ ಅಟ್ಟಲಾಗುವುದು.

ಹೊನ್ನವ್ವ ಸಭೆಯಲ್ಲಿ ಮೊದಲನೆಯದನ್ನು ಕೇಳಿದಳು: "ದಿನವೂ ಸುಡುತ್ತಾರೆ, ಬೂದಿಯಾಗದು. ದಿನೇದಿನೇ ಕಪ್ಪಾಗುತ್ತದೆ, ಯಾರೂ ಚೆಲ್ಲರು."

ಜೋಯಿಸರು ಸ್ಮಶಾನದ ನೆಲ ಎಂದರು. ಅವರನ್ನು ಸೆರೆಗೆ ಒಯ್ದರು. ವೈದ್ಯರು ಒಂದು ದಿನ ಯೋಚಿಸಿ, ಹೆಣ್ಣಿನ ದುಃಖ ಎಂದರು. ಅವರೂ ಹೋದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಹುಣ್ಣಿಮೆಯ ಮುನ್ನಾದಿನ ಅರಮನೆಯ ಮುಸುರೆ ತೊಳೆಯುವ ಭರಮ ಒದ್ದೆ ಕೈಯಲ್ಲೇ ಬಂದು ನಿಂತ.

"ಪಾತ್ರೆ ಬಿಟ್ಟು ಇಲ್ಲೇನೋ ನಿನಗೆ?" ಎಂದು ಹಿರಿಯ ಬಾಣಸಿಗ ನಕ್ಕ.

"ಉತ್ತರ ಪಾತ್ರೆಯಲ್ಲೇ ಇದೆಯಲ್ಲ, ಅಣ್ಣ. ಕರಿದ ಎಣ್ಣೆ. ವಡೆ ಕರಿದದ್ದರಲ್ಲೇ ವಾರವಿಡೀ ಪೂರಿ ಕರಿಯುತ್ತೀರಿ. ಬಾಣಲೆಯ ಜಿಡ್ಡು ಎಷ್ಟು ಉಜ್ಜಿದರೂ ಬಿಡದು."

ಹೊನ್ನವ್ವ ತಲೆಯಾಡಿಸಿ ಎರಡನೆಯದನ್ನು ಕೇಳಿದಳು: "ಹಸಿರಾಗಿ ಒಳಗೆ ಬರುತ್ತದೆ. ಸತ್ವ ಮೋರಿಗೆ, ಸಪ್ಪೆ ರಾಣಿಗೆ."

ಸೊಪ್ಪು ಎಂದ ಭರಮ. ತಮ್ಮ ಮನೆಯಲ್ಲಿ ಬಸಿದ ನೀರಿನಲ್ಲೇ ಸಾರು ಮಾಡುತ್ತಾರೆ, ಇಲ್ಲಿ ಚೆಲ್ಲುತ್ತಾರೆ ಎಂದ. ಬಾಣಸಿಗನ ನಗು ನಿಂತಿತು.

ಹೊನ್ನವ್ವ ಮೂರನೆಯದನ್ನು ಕೇಳಿದಳು: "ಊಟದ ಮನೆಗೆ ಹೋಗುತ್ತದೆ, ಊಟ ಕಾಣದು. ತೊಳೆಯಲು ಬರುತ್ತದೆ, ಎಂಜಲು ಇರದು."

ಭರಮ ಅರಸನನ್ನು ನೋಡಿದ.

"ರಾಣಿಯವರ ತಟ್ಟೆ. ಉಪವಾಸದ ದಿನವೂ ತಟ್ಟೆ ಹಾಕುವುದು ಇಲ್ಲಿನ ಪದ್ಧತಿ. ವಾರದಲ್ಲಿ ಐದು ದಿನ ಅದು ಹೋದ ಹಾಗೇ ಬರುತ್ತದೆ."

ಮಗುವಾಗಲೆಂದು ಆ ಐದು ಉಪವಾಸ ಹೊರಿಸಿದವನು ಅರಸನೇ.

"ಹಸಿದ ಮೈ ಮೊದಲು ತನ್ನ ಜೀವ ಉಳಿಸಿಕೊಳ್ಳುತ್ತದೆ, ಒಡೆಯಾ," ಎಂದಳು ಹೊನ್ನವ್ವ. "ರಾಣಿಯವರಿಗೆ ಮುಟ್ಟೇ ನಿಂತಿದೆ. ಉಣ್ಣುವ ಎರಡು ದಿನವೂ ಅದೇ ಎಣ್ಣೆ, ಅದೇ ಸಪ್ಪೆ. ನೇರ ಹೇಳಿದ್ದರೆ ನನ್ನ ತಲೆ ಉಳಿಯುತ್ತಿತ್ತೇ?"

ಅರಸನ ಮುಖ ಬಿಳಿಚಿತು. ಭರಮನಿಗೆ ಏನು ಬೇಕೆಂದು ಅವನೇ ಕೇಳಿದ. ಭರಮ ಸೆರೆಯಲ್ಲಿದ್ದ ಇಬ್ಬರನ್ನು ಬಿಡಿಸಿಕೊಂಡ. ಅಡುಗೆಮನೆಯ ಯಜಮಾನಿಕೆ ಕೇಳಿದ. ಎರಡೂ ಸಿಕ್ಕವು. ರಾಣಿಯ ಉಪವಾಸ ಅಂದೇ ಮುಗಿಯಿತು.

ನಾಲ್ಕನೆಯ ತಿಂಗಳು ರಾಣಿ ಮುಟ್ಟಾದಳು. ಅರಮನೆಯಲ್ಲಿ ಮಗು ಹುಟ್ಟಿದರೆ ಮಾತ್ರ ಸಕ್ಕರೆ ಹಂಚುವುದಿತ್ತು. ಆ ದಿನ ಅರಸ ಇದಕ್ಕೇ ಊರಿಗೆಲ್ಲ ಸಕ್ಕರೆ ಹಂಚಿಸಿದ. ಜೋಯಿಸರು ಕೈಯೊಡ್ಡಲು ನಾಚಿದರು, ಆದರೂ ತಿಂದರು.